ಒಂದೇ ಜಗತಿ, ಎರಡು ಗರ್ಭಗುಡಿ

ಅರಸೀಕೆರೆಯ ನಮ್ಮ ಬೀದಿಯಲ್ಲಿ ಅವಳಿ ಹುಡುಗಿಯರಿದ್ದಾರೆ. ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದರು. ಒಂದು ದಿನ ಅವರಪ್ಪ ಕಾಲೇಜುಗಳ ಪಟ್ಟಿ ತಂದು, "ಬ್ಯಾಂಕಿನಲ್ಲಿ ಸಾವಿರಾರು ಫಾರಂ ನೋಡಿದವರು ನೀವು, ಒಮ್ಮೆ ಕಣ್ಣಾಡಿಸಿ" ಎಂದರು. ನೋಡಿದೆ. ಎರಡು ಹಾಳೆ, ಎರಡರಲ್ಲೂ ಅದೇ ಕಾಲೇಜು, ಅದೇ ಇಂಜಿನಿಯರಿಂಗ್, ಅದೇ ಕ್ರಮ.

"ಒಟ್ಟಿಗಿದ್ದರೆ ನಮಗೂ ಧೈರ್ಯ" ಎಂದರು. ಆಸೆ ತಪ್ಪಲ್ಲ. ಆದರೆ ಮಕ್ಕಳೇ, ಸಿಇಟಿಯಲ್ಲಿ ಜೋಡಿ ಸೀಟು ಎಂಬುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ರ‍್ಯಾಂಕು, ಒಂದೊಂದು ಆಯ್ಕೆಪಟ್ಟಿ. ಅಕ್ಕನಿಗೆ ಸಿಕ್ಕಿದ್ದು ತಂಗಿಗೆ ತಪ್ಪಬಹುದು. 2024ರಲ್ಲಿ ಹಾಸನದ ಅವಳಿ ಸೋದರಿಯರಿಬ್ಬರಿಗೂ ಪಿಯುಸಿಯಲ್ಲಿ 600ಕ್ಕೆ 571 ಅಂಕ ಬಂದಿತ್ತು. ಎಸ್ಸೆಸ್ಸೆಲ್ಸಿಯಲ್ಲೂ ಇಬ್ಬರಿಗೂ 620. ಅಪರೂಪವೆಂದೇ ಅದು ಪತ್ರಿಕೆಗೆ ಬಂದದ್ದು.

ಮಾತಿನುದ್ದಕ್ಕೂ ಚಿಕ್ಕವಳು ನೆಲ ನೋಡುತ್ತಿದ್ದಳು. ಭಾನುವಾರ ಎಲ್ಲರನ್ನೂ ಜಾವಗಲ್ ದಾಟಿ ಹಳೇಬೀಡಿಗೆ ಹೊರಡಿಸಿದೆ.

ಹೊಯ್ಸಳೇಶ್ವರ ಗುಡಿಯ ಕೆಲಸ ಆರಂಭವಾದದ್ದು 1121ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ. ಅದೂ ಅವಳಿಯೇ. ದಕ್ಷಿಣಕ್ಕೆ ಹೊಯ್ಸಳೇಶ್ವರ, ಉತ್ತರಕ್ಕೆ ಶಾಂತಲೇಶ್ವರ. ಇಬ್ಬರಿಗೂ ಒಂದೇ ಜಗತಿ, ನಡುವೆ ಓಡಾಡಲು ದಾರಿ. ಆದರೆ ಗರ್ಭಗುಡಿ ಬೇರೆ, ಪೂರ್ವದ ಬಾಗಿಲು ಬೇರೆ, ಎದುರಿನ ನಂದಿ ಮಂಟಪವೂ ಬೇರೆ. ದಕ್ಷಿಣದ ನಂದಿಯ ಹಿಂದೆ ಸೂರ್ಯನ ಗುಡಿಯಿದೆ. ಉತ್ತರದ ನಂದಿಗೆ ಅದಿಲ್ಲ. ಅದರಿಂದ ಜೋಡಿಗೇನೂ ಕುಂದಾಗಿಲ್ಲ.

ಎರಡನೇ ನಂದಿಯ ಬಳಿ ಚಿಕ್ಕವಳು ಬಾಯಿಬಿಟ್ಟಳು. "ತಾತ, ನನಗೆ ಕೃಷಿ ಬಿಎಸ್ಸಿ ಓದಬೇಕು. ನಮ್ಮ ತೆಂಗಿಗೆ ನುಸಿ ಬಿದ್ದಾಗ ಅಪ್ಪನ ಜೊತೆ ತೋಟದಲ್ಲಿ ನಿಂತವಳು ನಾನು. ಅಕ್ಕನನ್ನು ಬಿಟ್ಟುಹೋಗುತ್ತಾಳೆ ಅಂತೀರೇನೋ ಎಂದು ಹೇಳಲಿಲ್ಲ."

ಅಕ್ಕ ತಿರುಗಿ, "ನನಗಾದರೂ ಹೇಳಬಾರದಿತ್ತೇನೇ?" ಎಂದಳು. ಅವಳ ಕಣ್ಣು ತುಂಬಿತ್ತು.

ಅಪ್ಪ ನನ್ನ ಮುಖ ನೋಡಿದರು. "ಜಂಟಿ ಖಾತೆ ತೆರೆದರೂ ನಾವು ಇಬ್ಬರ ಸಹಿಯನ್ನೂ ಬೇರೆ ಬೇರೆ ಪಡೆಯುತ್ತಿದ್ದೆವು" ಎಂದೆ. ಅಷ್ಟೇ.

ಅಂದು ರಾತ್ರಿ ಹೊಸ ಹಾಳೆ ಬಂತು. ಅಕ್ಕನದರಲ್ಲಿ ಮೊದಲಿಗೆ ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು. ತಂಗಿಯದರಲ್ಲಿ ಹಾಸನದ ಹತ್ತಿರದ ಕಾರೇಕೆರೆ ಕೃಷಿ ಕಾಲೇಜು. ಸೀಟು ಇನ್ನೂ ಬರಬೇಕು. ಸಿಕ್ಕರೆ ಊರಿಗೆ ಬರುವ ಬಸ್ಸು ಒಂದೇ ಎಂದು ಅವರಮ್ಮ ಈಗಲೇ ಲೆಕ್ಕ ಹಾಕಿದ್ದಾರೆ.

ನಿಮ್ಮ ಮನೆಯಲ್ಲೂ ಫಾರಂ ತುಂಬುವ ದಿನ ಬಂದರೆ, ಸುಮ್ಮನೆ ಕೂತವರನ್ನು ಮೊದಲು ಕೇಳಿ.