ಗಣತಿದಾರರ ಕನ್ನಡ, ನಮ್ಮ ಮನೆಯ ಮಾತು

2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತು. ಅರುವತ್ತು ಪ್ರಶ್ನೆಗಳು. ಮೊಬೈಲ್ ಹಿಡಿದು ಮನೆಮನೆ ಸುತ್ತಿದ ಶಿಕ್ಷಕರ ಮೇಲೆ ನಮ್ಮ ದೂರಿಲ್ಲ. ಪಾಪ, ಅವರು ಕೊಟ್ಟದ್ದನ್ನು ಓದಿದರು. ದೂರಿರುವುದು ಪ್ರಶ್ನೆಯ ಭಾಷೆಯ ಬಗ್ಗೆ.

'ಉದ್ಯೋಗ ಏನು?' ಎಂದು ಕೇಳಿ ನೋಡಿ. ಬೀಡಿ ತಡ್ಪೆ ಮಡಿಲಲ್ಲಿಟ್ಟು ಕೂತ ನಮ್ಮ ಉಮ್ಮ ಹೇಳುವುದು, 'ಏನಿಲ್ಲ, ಮನೆಯಲ್ಲೇ.' ಆಕೆಯ ಕಿವಿಗೆ ಉದ್ಯೋಗ ಎಂದರೆ ಆಫೀಸು, ಸಂಬಳ. ದಿನಕ್ಕೆ ನೂರಾರು ಬೀಡಿ ಕಟ್ಟಿದ ಕೈ ಲೆಕ್ಕದಲ್ಲಿ 'ಕೆಲಸವಿಲ್ಲ' ಎಂದು ಕೂರುತ್ತದೆ. 'ಬೀಡಿ ಕಟ್ಟುತ್ತೀರಾ? ಹೊಲಿಗೆ ಇದೆಯಾ?' ಎಂದು ಕೇಳಿದ್ದರೆ ಉತ್ತರವೇ ಬೇರೆ.

ಕುಟುಂಬದಲ್ಲಿ ಎಷ್ಟು ಜನ ಎಂಬುದೂ ಹೀಗೆಯೇ. ಜನಗಣತಿಗೆ ಕುಟುಂಬವೆಂದರೆ ಒಂದೇ ಅಡುಗೆಯಲ್ಲಿ ಉಂಡು ಒಟ್ಟಿಗೆ ಬಾಳುವವರು. ದಮ್ಮಾಮಿನಲ್ಲಿರುವ ಮಗ ಅದರಲ್ಲಿ ಬರುವುದಿಲ್ಲ. ಅವನ ದುಡ್ಡಿನಲ್ಲೇ ಒಲೆ ಉರಿಯುವಾಗ ಯಾವ ತಾಯಿ ಅವನನ್ನು ಬಿಟ್ಟು ಎಣಿಸುತ್ತಾಳೆ?

ಇನ್ನು ಮಾತೃಭಾಷೆ. ತಿ. ನರಸೀಪುರ ತಾಲೂಕಿನ ಹೆಮ್ಮಿಗೆಯಂಥ ಊರಿಗೆ ನಮ್ಮ ಹುಡುಗಿಯೊಬ್ಬಳನ್ನು ಮದುವೆ ಮಾಡಿಕೊಟ್ಟಿದ್ದೇವೆ ಅಂತಿಟ್ಟುಕೊಳ್ಳಿ. ಗಂಡನ ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ, ಅವಳು ಮಗುವನ್ನು ಮಲಗಿಸುವುದು ಬ್ಯಾರಿಯಲ್ಲಿ. ಗಣತಿಯ ವ್ಯಾಖ್ಯೆ ಪ್ರಕಾರ ಬಾಲ್ಯದಲ್ಲಿ ತಾಯಿ ಆಡಿದ ಮಾತೇ ಮಾತೃಭಾಷೆ. ಅಂದರೆ ಮಗುವಿನದು ಬ್ಯಾರಿ. ಆದರೆ ಬಾಗಿಲಲ್ಲಿ ಉತ್ತರ ಕೊಡುವ ಮಾವ 'ಉರ್ದು' ಅಂತಾರೆ, ಎಲ್ಲರಿಗೂ ಅದೇ ಬರೆಯಲಾಗುತ್ತದೆ. ಮುಸ್ಲಿಮರು ಎಂದರೆ ಉರ್ದು ಎಂಬ ಊಹೆ ಆ ಕಡೆ ಗಟ್ಟಿ. ಕರಾವಳಿಯಲ್ಲೂ ನಮ್ಮವರು ಒಬ್ಬರು ಬ್ಯಾರಿ ಅನ್ನುತ್ತಾರೆ, ಇನ್ನೊಬ್ಬರು ನಕ್ಕ್‌ನಿಕ್ಕ್, ಮತ್ತೊಬ್ಬರು ಮಲಯಾಳಂ.

ಇದು ಸಣ್ಣ ಮಾತಲ್ಲ. 2011ರ ಜನಗಣತಿಯಲ್ಲಿ ದೇಶದ ಜನ ಹೇಳಿದ ಮಾತೃಭಾಷೆಯ ಹೆಸರುಗಳು 19,569. ಸೋಸಿ, ಜೋಡಿಸಿ, ಹತ್ತು ಸಾವಿರಕ್ಕೂ ಹೆಚ್ಚು ಜನರಿರುವ ಭಾಷೆಗಳೆಂದು ಉಳಿಸಿದ್ದು 270. ಮಿಕ್ಕವು 'ಇತರೆ'.

ಪ್ರಶ್ನಾವಳಿಯನ್ನು ಅನುವಾದಿಸಿದ ಮೇಲೆ ಬೇರೊಬ್ಬರಿಂದ ಮೂಲ ಭಾಷೆಗೆ ಮತ್ತೆ ತರಿಸಿ, ಅರ್ಥ ಎಲ್ಲಿ ಜಾರಿತೆಂದು ನೋಡುವುದು ಸಮೀಕ್ಷೆಯವರ ಹಳೆಯ ಪದ್ಧತಿ. ಆದರೆ ಕನ್ನಡದಿಂದ ಬ್ಯಾರಿಗೆ ತರುವ ಕೆಲಸ ಅಂಗಳದಲ್ಲಿ ನಿಂತ ಶಾಲೆ ಮಕ್ಕಳ ಪಾಲಿಗೆ ಬೀಳುತ್ತದೆ. ಹತ್ತು ವರ್ಷದ ಹುಡುಗ 'ಕುಲಕಸುಬು' ಎಂಬುದಕ್ಕೆ ಅಜ್ಜಿಗೆ ಏನು ಹೇಳಿಯಾನು?

2027ರ ಫೆಬ್ರವರಿಯಲ್ಲಿ ಜನಗಣತಿಯ ಮುಖ್ಯ ಎಣಿಕೆ, ಈ ಬಾರಿ ಜಾತಿಯೂ ಸೇರಿ. 2009ರಲ್ಲಿ ಹುಟ್ಟಿದ ಬ್ಯಾರಿ ಸಾಹಿತ್ಯ ಅಕಾಡೆಮಿ ಅದಕ್ಕೆ ಮುಂಚೆ ಎರಡು ಪುಟದ ಕೈಪಿಡಿ ತರಲಿ ಎಂಬುದು ನಮ್ಮ ಬೇಡಿಕೆ: ಪ್ರಶ್ನೆಗಳು ಕನ್ನಡ ಲಿಪಿಯಲ್ಲಿ, ಬ್ಯಾರಿ ಮಾತಿನಲ್ಲಿ. ಮಸೀದಿ ಕಮಿಟಿಗಳು ಅದನ್ನು ಹಂಚಲಿ. ಮೊದಲು ಅಕ್ಷರ ಬಾರದ ನಾಲ್ಕು ಅಜ್ಜಿಯಂದಿರಿಗೆ ಓದಿ ಹೇಳಿ, ಅವರಿಗೆ ಅರ್ಥವಾಗದ ಪದ ಕಿತ್ತುಹಾಕಿ, ಆಮೇಲೆ ಅಚ್ಚು ಹಾಕಿಸಲಿ.