ಸ್ಮಾರಕಕ್ಕಿಂತ ಮೊದಲು ಶುದ್ಧೀಕರಣ

ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಸೋರಿದ ವಿಷಾನಿಲವು ಸಾವಿರಾರು ಮಂದಿಯನ್ನು ಬಲಿ ಪಡೆಯಿತು. ಪಾಳುಬಿದ್ದಿರುವ ಆ ಕಾರ್ಖಾನೆಯನ್ನು ಪ್ರೇಕ್ಷಣೀಯ ಸ್ಥಳವಾಗಿಸುವ ಉತ್ಸಾಹ ಹೊಸದೇನಲ್ಲ. ದುರಂತಕ್ಕೆ 25 ವರ್ಷ ತುಂಬಿದ 2009ರಲ್ಲಿಯೇ ಮಧ್ಯಪ್ರದೇಶ ಸರಕಾರವು ಅದರ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯಲು ಹೊರಟಿತ್ತು. ಅಲ್ಲಿ ಅಪಾಯವೇನೂ ಉಳಿದಿಲ್ಲವೆಂದು ತೋರಿಸುವುದು ಅದರ ಉದ್ದೇಶವಾಗಿತ್ತು. ಸಂತ್ರಸ್ತರ ಸಂಘಟನೆಗಳು ಇದನ್ನು ವಿರೋಧಿಸಿದವು.

ಅವರ ವಿರೋಧಕ್ಕೆ ಕಾರಣವಿತ್ತು. ಕಾರ್ಖಾನೆ ನಡೆಯುತ್ತಿದ್ದಾಗ ಅದರ ತ್ಯಾಜ್ಯವನ್ನು ಆವರಣದ ಗುಂಡಿಗಳಲ್ಲಿಯೂ ಹೊರಗಿನ ಕೊಳಗಳಲ್ಲಿಯೂ ಸುರಿಯಲಾಗಿತ್ತು. ಅದು ಮಳೆಯೊಂದಿಗೆ ನೆಲಕ್ಕಿಳಿದು ಅಂತರ್ಜಲವನ್ನು ಸೇರಿತು. ಸುತ್ತಲಿನ ಬಡಾವಣೆಗಳಿಗೆ ಶುದ್ಧ ನೀರು ಒದಗಿಸುವಂತೆ 2004ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಬೇಕಾಯಿತು. ಯಾವ ನೆಲದ ನೀರನ್ನು ನಿವಾಸಿಗಳು ಕುಡಿಯುವಂತಿಲ್ಲವೋ ಅದೇ ನೆಲ ನಿರಪಾಯಕಾರಿಯೆಂದು ಐದು ವರ್ಷಗಳ ಬಳಿಕ ಸಂದರ್ಶಕರಿಗೆ ಹೇಳುವುದು ಯಾವ ನ್ಯಾಯ?

2025ರ ಜನವರಿಯಲ್ಲಿ ಹೈಕೋರ್ಟಿನ ಆದೇಶದಂತೆ 337 ಟನ್ ವಿಷತ್ಯಾಜ್ಯವನ್ನು ಪೀಥಂಪುರಕ್ಕೆ ಸಾಗಿಸಲಾಯಿತು. ಅಲ್ಲಿನ ಜನರ ತೀವ್ರ ಪ್ರತಿಭಟನೆಯ ನಡುವೆಯೂ ಅದೇ ವರ್ಷ ಅದನ್ನು ಸುಡಲಾಯಿತು. ಇದರೊಂದಿಗೆ ಭೋಪಾಲದ ನೆಲ ಶುದ್ಧವಾಯಿತೆಂಬ ಭಾವನೆ ಮೂಡುವುದು ಸಹಜ. ಆದರೆ ಅಲ್ಲಿಂದ ಹೋದದ್ದು ಸಂಗ್ರಹಿಸಿಟ್ಟಿದ್ದ ತ್ಯಾಜ್ಯ ಮಾತ್ರ. ಮಣ್ಣಿನಲ್ಲಿಯೂ ಅಂತರ್ಜಲದಲ್ಲಿಯೂ ಬೆರೆತ ವಿಷವನ್ನು ಲಾರಿಗಳಲ್ಲಿ ತುಂಬಿ ಕಳುಹಿಸಲಾಗದು.

ನಾವು ಸ್ಮಾರಕದ ವಿರೋಧಿಗಳಲ್ಲ. ದುರಂತವನ್ನು ಮರೆಯುವ ಸಮಾಜವು ಮತ್ತೊಂದು ದುರಂತಕ್ಕೆ ದಾರಿ ಮಾಡಿಕೊಡುತ್ತದೆ. ಸಂತ್ರಸ್ತರೇ 2014ರಲ್ಲಿ ಭೋಪಾಲದಲ್ಲಿ ತಮ್ಮ ನೆನಪುಗಳ ಸಂಗ್ರಹಾಲಯವೊಂದನ್ನು ತೆರೆದರು. ನೊಂದವರ ಮಾತಿಗೆ ಮೊದಲ ಸ್ಥಾನ ನೀಡುವ ಸ್ಮಾರಕವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಉದ್ಯಾನ ಮತ್ತು ಕಾರಂಜಿಗಳ ಹೆಸರಿನಲ್ಲಿ ವಿಷದ ಮೇಲೆ ಹುಲ್ಲುಹಾಸು ಹೊದಿಸಿದರೆ ಅದು ಸ್ಮರಣೆಯಲ್ಲ, ಸಾಕ್ಷ್ಯನಾಶ.

ಆದ್ದರಿಂದ ಮೊದಲು ಮಣ್ಣು ಮತ್ತು ನೀರಿನ ಸಮಗ್ರ ಪರೀಕ್ಷೆ ನಡೆದು ವರದಿ ಬಹಿರಂಗವಾಗಲಿ. ಶುದ್ಧೀಕರಣದ ವೆಚ್ಚವನ್ನು ಮಾಲಿನ್ಯಕ್ಕೆ ಕಾರಣರಾದವರೇ ಭರಿಸಲಿ. 2001ರಲ್ಲಿ ಕಾರ್ಬೈಡನ್ನು ಖರೀದಿಸಿದ ಡೌ ಕೆಮಿಕಲ್ ಕಂಪೆನಿಯು ಈ ಹೊಣೆ ತನ್ನದಲ್ಲವೆನ್ನುತ್ತಾ ಬಂದಿದೆ. ಆಸ್ತಿ ಬೇಕು, ಅದರೊಂದಿಗೆ ಬಂದ ಋಣ ಬೇಡ ಎಂಬ ಈ ವಾದವನ್ನು ಸರಕಾರ ಒಪ್ಪಿಕೊಳ್ಳಬಾರದು. ಅಲ್ಲಿ ಏನನ್ನು ಕಟ್ಟಬೇಕೆಂಬುದು ಸುತ್ತಲಿನ ನಿವಾಸಿಗಳ ಒಪ್ಪಿಗೆಯಿಂದಲೇ ತೀರ್ಮಾನವಾಗಲಿ.

ಪ್ರವಾಸಿಗರು ಒಂದೆರಡು ಗಂಟೆ ನೋಡಿ ಹಿಂದಿರುಗುತ್ತಾರೆ. ಅಲ್ಲಿನ ಮಕ್ಕಳಾದರೋ ಅದೇ ನೆಲದ ಮೇಲೆ ಬೆಳೆಯಬೇಕು. ಯೋಜನೆಗಳು ಸಿದ್ಧವಾಗಬೇಕಾದುದು ಅವರಿಗಾಗಿ.