ಪೊದೆಯನ್ನು ಕಡಿಯುವ ಮುನ್ನ

ನಮ್ಮ ಕಾಲೇಜಿನ ಹಿಂದಿನ ಗುಡ್ಡವನ್ನು ನೋಡದ ವಿದ್ಯಾರ್ಥಿಯಿಲ್ಲ. 2023ರ ಜುಲೈ ತಿಂಗಳಲ್ಲಿ, ವನಮಹೋತ್ಸವದ ಅಂಗವಾಗಿ, ನಾವು ಅರವತ್ತು ಮಂದಿ ಗುದ್ದಲಿ ಮಚ್ಚುಗಳನ್ನು ಹಿಡಿದು ಅದನ್ನು ಹತ್ತಿದೆವು. ಮೊದಲು ಅಲ್ಲಿದ್ದ ತಂಗಡಿ, ಬಂದರಿಕೆ, ಕವಳಿಗಳನ್ನೆಲ್ಲ ಸವರಿ ‘ಪಾಳು ನೆಲ’ವನ್ನು ಚೊಕ್ಕಟ ಮಾಡಿದೆವು, ಆಮೇಲೆ ಗುಂಡಿ ತೋಡಿ ನೂರು ಸಸಿಗಳನ್ನು ನೆಟ್ಟೆವು. ಭಾಷಣವಾಯಿತು, ಉಪ್ಪಿಟ್ಟೂ ಆಯಿತು. ಆ ವರ್ಷ ಬರ. ಮುಂದಿನ ಬೇಸಗೆ ಕಳೆಯುವ ಹೊತ್ತಿಗೆ ಉಳಿದ ಸಸಿಗಳು ಏಳು. ಅವುಗಳಲ್ಲಿ ಐದು, ಮುಳ್ಳಿಗೆ ಹೆದರಿ ನಾವು ಕಡಿಯದೆ ಬಿಟ್ಟಿದ್ದ ಕಾರೆಯ ಮೆಳೆಗಳ ಮಗ್ಗುಲಲ್ಲಿದ್ದವು.

ಏಳು ಸಸಿಗಳಿಂದ ಶಾಸ್ತ್ರ ಹುಟ್ಟುವುದಿಲ್ಲವೆಂದು ಬಲ್ಲೆ. ಆದರೆ ಈ ಸಂಗತಿಯನ್ನು ಮನೆಯಲ್ಲಿ ಹೇಳಿದಾಗ, ಶಾಲೆಯ ಮೆಟ್ಟಿಲು ಹತ್ತದ, ಕುರಿ ಕಾಯ್ದು ನನ್ನನ್ನು ಓದಿಸಿದ ನಮ್ಮವ್ವ ನಕ್ಕು, “ಮುಳ್ಳಿನ ಮರೆ ಇಲ್ದಿದ್ರೆ ಕುರಿ ಬಾಯಿಗೆ ಯಾವ ಸಸಿ ಉಳೀತದಪ್ಪ?” ಎಂದಳು. ನಿಜ ಹೇಳಬೇಕೆಂದರೆ ಮಚ್ಚು ಹಿಡಿದ ದಿನವೇ ನನಗೂ ಇದು ತಿಳಿದಿತ್ತು. ರಜೆಯಲ್ಲಿ ಕುರಿಗಳ ಹಿಂದೆ ತಿರುಗಿದವನು ನಾನು. ಆದರೆ ಓದಿದವರ ನಡುವೆ ಕುರಿ ಕಾಯುವವನ ಮಾತನ್ನಾಡಲು ನಾಚಿದೆ.

ಅವ್ವನ ಮಾತನ್ನು ವಿಜ್ಞಾನವೂ ಒಪ್ಪುತ್ತದೆ. ಒಣ ಸೀಮೆಯಲ್ಲಿ ಪೊದೆಯ ಕೆಳಗಿನ ಮಣ್ಣು ಬಯಲಿನ ಮಣ್ಣಿನಷ್ಟು ಕಾಯುವುದಿಲ್ಲ. ತೇವ ಬೇಗ ಆರುವುದಿಲ್ಲ. ಗಾಳಿ ಹೊತ್ತ ಧೂಳೂ ಉದುರಿದ ಎಲೆಯೂ ಅಲ್ಲಿ ತಂಗಿ ಗೊಬ್ಬರವಾಗುತ್ತವೆ. ಹಕ್ಕಿಗಳು ಅದರ ಮೇಲೆ ಕುಳಿತು ಬೀಜಗಳನ್ನು ಉದುರಿಸುತ್ತವೆ. ಸ್ಪೇನ್ ದೇಶದ ಸಿಯೆರಾ ನೆವಾಡಾ ಪರ್ವತಗಳಲ್ಲಿ 146 ನೆಡುತೋಪುಗಳ 18,000ಕ್ಕೂ ಹೆಚ್ಚು ಸಸಿಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವು, ಪೊದೆಗಳ ಆಸರೆಯಲ್ಲಿ ನೆಟ್ಟ ಸಸಿಗಳು ಹೆಚ್ಚಾಗಿ ಬದುಕಿದುವೆಂದೂ, ಬಿಸಿಲು ಬಡಿಯುವ ಒಣ ಇಳಿಜಾರುಗಳಲ್ಲಿ ಈ ಉಪಕಾರ ಇನ್ನೂ ಹೆಚ್ಚೆಂದೂ ತೋರಿಸಿತು. ನಮ್ಮ ಗುಡ್ಡವೂ ಅಂತಹ ಇಳಿಜಾರೇ ಅಲ್ಲವೆ?

ಅಷ್ಟು ದೂರ ಹೋಗುವುದೇಕೆ? ನಮ್ಮ ನಾಡಿನ ಹೆಮ್ಮೆಯಾದ ಶ್ರೀಗಂಧ ತಾನೊಂದೇ ಬಾಳಲಾರದು. ಅದರ ಬೇರು ನೆರೆಯ ಗಿಡದ ಬೇರಿಗೆ ಅಂಟಿಕೊಂಡು ನೀರನ್ನೂ ಲವಣಗಳನ್ನೂ ಹೀರಬೇಕು. ಆದ್ದರಿಂದಲೇ ಅದರ ಸಸಿಯ ಜೊತೆಗೆ ತೊಗರಿಯನ್ನು ಬೆಳೆಸುತ್ತಾರೆ. ಕಾಡಿನಲ್ಲಾದರೋ ಮುಳ್ಳುಮೆಳೆಯೇ ಅದಕ್ಕೆ ಬೇಲಿಯೂ ಹೌದು, ಅನ್ನದಾತನೂ ಹೌದು. ಮೆಳೆಯನ್ನು ಕಳೆಯೆಂದು ಕಿತ್ತವನು ಗಂಧದ ಮರಿಯನ್ನೂ ಕಿತ್ತಂತೆ.

ಹಾಗೆಂದು ಎಲ್ಲ ಪೊದೆಗಳೂ ಉಪಕಾರಿಗಳೆಂದು ನಾನು ವಾದಿಸುವುದಿಲ್ಲ. ಅದೇ ಸ್ಪೇನಿನ ಅಧ್ಯಯನದಲ್ಲಿ ಒಂದು ಜಾತಿಯ ಪೊದೆ ಸಸಿಗಳಿಗೆ ಕೆಡುಕನ್ನೇ ಮಾಡಿತು. 1877ರ ಸುಮಾರಿಗೆ ಹೊರದೇಶದಿಂದ ನಮ್ಮಲ್ಲಿಗೆ ಬಂದ ಬಳ್ಳಾರಿ ಜಾಲಿಯ ಕೆಳಗೆ ಬೇರೆ ಗಿಡಗಳು ವಿರಳ. ಅದರ ಬಂಧುವೇ ಆದ ನಮ್ಮ ಬನ್ನಿಯ ಕೆಳಗಾದರೋ ಹುಲ್ಲೂ ಪೈರೂ ಬೆಳೆಯುತ್ತವೆ. ಆದರೆ ದೋಷ ಹೊರಿಸುವಾಗಲೂ ಅವಸರ ಸಲ್ಲದು. ಕ್ಯಾಲಿಫೋರ್ನಿಯದ ಕೆಲವು ಪರಿಮಳದ ಪೊದೆಗಳ ಸುತ್ತ ನೆಲ ಬರಿದಾಗಿರುವುದು ಅವು ಸೂಸುವ ಆವಿಯ ವಿಷದಿಂದ ಎಂದು 1964ರಲ್ಲಿ ಹೇಳಿದರು. 1970ರಲ್ಲಿ ಇನ್ನೊಬ್ಬರು ಆ ನೆಲಕ್ಕೆ ಜಾಲರಿ ಕಟ್ಟಿದಾಗ ಒಳಗೆ ಹುಲ್ಲು ಬೆಳೆಯಿತು. ಪೊದೆಯ ಮರೆಯಲ್ಲಿದ್ದ ಇಲಿ ಮೊದಲಾದ ಪ್ರಾಣಿಗಳು ಬೀಜವನ್ನೂ ಮೊಳಕೆಯನ್ನೂ ತಿನ್ನುತ್ತಿದ್ದವು! ನೋಡಿ ತಿಳಿದು ಕಡಿಯಬೇಕು, ಕಡಿದು ತಿಳಿಯುವುದಲ್ಲ.

ನಮ್ಮ ಊರಿನಲ್ಲಿ ಯಾರೂ ಗುಡ್ಡವನ್ನು ಪಾಳೆಂದು ಕರೆಯುವುದನ್ನು ನಾನು ಕೇಳಿಲ್ಲ. ಆ ಮಾತನ್ನು ಕಲಿತದ್ದು ಪುಸ್ತಕದಿಂದ. ಬರುವ ವನಮಹೋತ್ಸವಕ್ಕೆ ನಾನು ಇಲ್ಲಿರುವುದಿಲ್ಲ. ಗುರುಗಳಲ್ಲಿಯೂ ಕಿರಿಯ ಸಹೋದರ ಸಹೋದರಿಯರಲ್ಲಿಯೂ ನನ್ನ ಬಿನ್ನಹ ಇಷ್ಟೇ: ಬಳ್ಳಾರಿ ಜಾಲಿಯನ್ನು ಬೇಕಾದರೆ ಕೀಳಿರಿ, ಕಾರೆ, ಕವಳಿ, ತಂಗಡಿಗಳನ್ನು ಬಿಡಿರಿ. ಮಧ್ಯಾಹ್ನದ ನೆರಳು ಬೀಳುವ ಕಡೆ ಅವುಗಳ ಪಕ್ಕದಲ್ಲಿ ಅರ್ಧ ಸಸಿಗಳನ್ನು ನೆಡಿರಿ, ಉಳಿದರ್ಧವನ್ನು ಬಯಲಿನಲ್ಲಿ ನೆಡಿರಿ. ಬೇಸಗೆ ಕಳೆದ ಮೇಲೆ ಎಣಿಸಿ, ಲೆಕ್ಕವನ್ನು ಇದೇ ಸಂಚಿಕೆಯಲ್ಲಿ ಅಚ್ಚು ಹಾಕಿಸಿರಿ. ನಮ್ಮವ್ವನಿಗೆ ನಾನು ಓದಿ ಹೇಳುತ್ತೇನೆ.